ಎಕ್ಸ್‌ರೇ ಸಾಹೇಬರ ಇಪ್ಪತ್ತಾರು ದಿನ

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಮೂವತ್ತೊಂದು ವರ್ಷ ಕಳೆದ ಅವರಿಗೆ ಮುಖ ಓದುವುದು ಉಸಿರಾಡಿದಷ್ಟು ಸಲೀಸು. ಜೊತೆಯವರು ಅವರನ್ನು ಎಕ್ಸ್‌ರೇ ಸಾಹೇಬರು ಎನ್ನುತ್ತಿದ್ದರು. ಟಿಕೆಟ್ ಇಲ್ಲದವನು ನಿದ್ದೆ ಬಂದಂತೆ ನಟಿಸಿದರೆ ಅವರು ಅವನ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ನಿಜವಾಗಿ ಮಲಗಿದವನ ಹೆಬ್ಬೆರಳು ಸಡಿಲವಾಗಿರುತ್ತದೆ ಎಂಬುದು ಅವರ ಸಿದ್ಧಾಂತ. ನಿವೃತ್ತಿಯಾದ ಮೇಲೆ ಈ ವಿದ್ಯೆ ಮನೆಯೊಳಗೇ ಓಡಾಡತೊಡಗಿತು. ಹಾಲು ಹಾಕುವವನು, ಲಿಫ್ಟ್ ನೋಡಿಕೊಳ್ಳುವವನು, ಎದುರುಮನೆಯವರ ನಾಯಿ, ಎಲ್ಲರ ಮೇಲೂ ಸರದಿಯಂತೆ ಅನುಮಾನ ಬಂದು ಹೋಯಿತು. ಹೆಂಡತಿಯ ಮೇಲೆ ಮಾತ್ರ ಅದುವರೆಗೂ ಬಂದಿರಲಿಲ್ಲ.

ಹೊರದೇಶಕ್ಕೆ ಹೋಗಿ ಕ್ಯಾಂಪರ್ ವ್ಯಾನಿನಲ್ಲಿ ಊರೂರು ಸುತ್ತುವ ಯೋಜನೆ ಷಡ್ಡಕರದು. ಹೆಂಡತಿಯ ತಂಗಿಯ ಗಂಡನಾದ ಅವರು ಡ್ರೈವಿಂಗ್ ಶಾಲೆ ನಡೆಸುತ್ತಿದ್ದರು. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಕಲಿಸಿದವರು, ಎಲ್ಲರಿಗೂ ಮೇಷ್ಟ್ರು. ಸಾಹೇಬರಿಗೋ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ಇಬ್ಬರು ಗಂಡಸರು, ಅಕ್ಕ ತಂಗಿ, ಒಂದು ವ್ಯಾನು, ಇಪ್ಪತ್ತಾರು ದಿನ.

ಅನುಮಾನ ಮೊದಲ ದಿನವೇ ಮೊಳೆಯಿತು. ವ್ಯಾನು ಬಾಡಿಗೆಗೆ ಕೊಡುವ ಕಚೇರಿಯ ಮುಂದೆ ನಾದಿನಿ, “ಭಾವ, ನೀವು ಇಲ್ಲೇ ಲಗೇಜ್ ನೋಡ್ಕೊಳ್ಳಿ, ಐದು ನಿಮಿಷ” ಎಂದು ಉಳಿದಿಬ್ಬರನ್ನೂ ಒಳಗೆ ಕರೆದೊಯ್ದಳು. ಗಾಜಿನಾಚೆ ನೋಡಿದರೆ, ಮೇಷ್ಟ್ರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ತಮ್ಮ ಹೆಂಡತಿ ಸಹಿ ಹಾಕುತ್ತಿದ್ದಾಳೆ.

“ಅದೇನು ಸಹಿ?” ಹೊರಗೆ ಬಂದಾಗ ಕೇಳಿದರು.

“ಇನ್ಶೂರೆನ್ಸ್‌ದಂತೆ” ಎಂದಳು. ಎನ್ನುವಾಗ ಚೀಲದ ಜಿಪ್ ಎಳೆಯುತ್ತಿದ್ದಳು, ಮುಖ ಎತ್ತಲಿಲ್ಲ.

ಮೊದಲ ವಾರ ಚೆನ್ನಾಗಿಯೇ ಕಳೆಯಿತು ಎನ್ನಬೇಕು. ಕಿಟಕಿಯಲ್ಲಿ ಸರೋವರ, ಅದು ಮುಗಿದರೆ ಕಾಡು, ಕಾಡು ಮುಗಿದರೆ ಹಿಮ ಹೊತ್ತ ಬೆಟ್ಟ. ಹಗಲಿನ ಮೇಜನ್ನು ಮಡಚಿದರೆ ಮಲಗುವ ಹಲಗೆ. ತಿರುವಿನಲ್ಲಿ ಕಪಾಟಿನ ಬಾಗಿಲು ತಾನಾಗಿ ತೆರೆದು ಲೋಟಗಳು ಉದುರುತ್ತಿದ್ದವು. ಶೌಚದ ಡಬ್ಬಿ ಖಾಲಿ ಮಾಡುವ ಸರದಿ ಬಂದಾಗ ಇಬ್ಬರು ಗಂಡಸರಿಗೂ ಒಟ್ಟಿಗೇ ಸೊಂಟನೋವು ಬರುತ್ತಿತ್ತು.

ಆದರೆ ಸಾಹೇಬರ ಕಣ್ಣು ಸುಮ್ಮನಿರಲಿಲ್ಲ. ಮುಂದೆ, ಓಡಿಸುವ ಮೇಷ್ಟ್ರ ಪಕ್ಕ ಕೂತ ನಾದಿನಿ ದಾರಿಯುದ್ದಕ್ಕೂ ಬಾಯಿ ಮುಚ್ಚುತ್ತಿರಲಿಲ್ಲ. “ಎಡಗಡೆ ಲಾರಿ ಇದೆ. ಎಡಗಡೆ ಕಂಬ. ಮುಂದೆ ಕ್ರಾಸು.” ಮೂವತ್ತು ವರ್ಷ ಬೇರೆಯವರಿಗೆ ಕಲಿಸಿದ ಮನುಷ್ಯನಿಗೆ ಹೆಂಡತಿಯಿಂದ ಪಾಠವೇ? ಸಂಜೆ ನಾಲ್ಕಾಗುತ್ತಲೂ ಮೇಷ್ಟ್ರು ಸಿಕ್ಕಿದ ಕ್ಯಾಂಪಿಗೆ ವ್ಯಾನು ನುಗ್ಗಿಸುತ್ತಿದ್ದರು. ಅಕ್ಕ ತಂಗಿ ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿಯ ಬಳಿ ಹೋಗಿ ಪಿಸುಗುಟ್ಟುವರು. ಒಮ್ಮೆ ಗಾಳಿಗೆ ಒಂದು ಮಾತು ತೇಲಿಬಂತು. ನಾದಿನಿ ಹೇಳುತ್ತಿದ್ದಳು, “ಇನ್ನೆಷ್ಟು ದಿನ ಮುಚ್ಚಿಡೋಣಕ್ಕಾ?” ಸಾಹೇಬರು ಟವೆಲ್ ಹೆಗಲಿಗೆ ಹಾಕಿಕೊಂಡು ಹತ್ತಿರ ಹೋದೊಡನೆ ಮಾತು ಆಲೂಗಡ್ಡೆಗೆ ಹೊರಳಿತು.

ಮೂವರೂ ಸೇರಿ ತಮ್ಮೊಬ್ಬರನ್ನು ಹೊರಗಿಟ್ಟಿದ್ದಾರೆ. ಯಾಕೆ? ಮೇಷ್ಟ್ರು ಯಾವುದೋ ಕೇಸಿನಲ್ಲಿ ಸಿಕ್ಕಿಕೊಂಡು ಸಾಹೇಬರ ಹೆಂಡತಿಯನ್ನು ಜಾಮೀನಿಗೆ ಎಳೆದಿದ್ದಾರೆಯೇ? ಇಲ್ಲಿಯೇ ನೆಲೆಸುವ ಹುನ್ನಾರವೇ? ಹೆಂಡತಿಯ ಚೀಲ ತೆಗೆದು ನೋಡಿಬಿಡಲೇ ಎಂದು ಎರಡು ಸಲ ಕೈ ಚಾಚಿದರು. ಅಪರಿಚಿತರ ಪೆಟ್ಟಿಗೆ ತೆರೆಸಿದ ಕೈ ಅದು, ಆದರೂ ಜಿಪ್ಪಿನ ತನಕ ಹೋಗಿ ಹಿಂದೆ ಬಂತು.

ಹನ್ನೊಂದನೇ ದಿನ ಸಂಜೆಗೆ ಮುಂಚೆ, ಒಂದು ಸಣ್ಣ ಊರಿನ ಬೀದಿ. ಎಡಗಡೆಯ ಓಣಿಯಿಂದ ಮುದುಕಿಯೊಬ್ಬಳು ಸೈಕಲ್ ತಳ್ಳಿಕೊಂಡು ರಸ್ತೆಗೆ ಇಳಿದಳು. ಸಾಹೇಬರಿಗೆ ಹಿಂದಿನ ಸೀಟಿನಿಂದಲೇ ಕಂಡಳು. ವ್ಯಾನು ನಿಧಾನವಾಗಲಿಲ್ಲ. ನಾದಿನಿ ಚೀರಿದ ಮೇಲೆ ಬ್ರೇಕು ಬಿತ್ತು. ತಟ್ಟೆ ಲೋಟಗಳೆಲ್ಲ ನೆಲಕ್ಕೆ. ಸೈಕಲ್ಲಿನ ಮುಂದಿನ ಚಕ್ರಕ್ಕೂ ಬಂಪರಿಗೂ ಒಂದು ಗೇಣು. ಮುದುಕಿ ಅಂಗೈಯಿಂದ ಬಾನೆಟ್ಟಿಗೆ ಎರಡು ಏಟು ಹಾಕಿ, ತನ್ನ ಭಾಷೆಯಲ್ಲಿ ಏನೋ ಅಂದು ನಡೆದಳು.

“ಬಿಸಿಲು ಕಣ್ಣಿಗೆ ಹೊಡೀತು” ಎಂದರು ಮೇಷ್ಟ್ರು.

ವ್ಯಾನಿನ ನೆರಳು ವ್ಯಾನಿನ ಮುಂದೆ ಉದ್ದಕ್ಕೆ ಬಿದ್ದಿತ್ತು. ಸೂರ್ಯ ಬೆನ್ನ ಹಿಂದಿದ್ದ.

ಕ್ಯಾಂಪಿಗೆ ಬಂದ ಮೇಲೆ ಮೇಷ್ಟ್ರು ಮಡಚುವ ಕುರ್ಚಿಯಲ್ಲಿ ನಕ್ಷೆ ಹಿಡಿದು ಕೂತಿದ್ದರು. ಸಾಹೇಬರು ಚಹಾ ಲೋಟ ತಂದು ಅವರ ಎಡಕ್ಕೆ ನಿಂತರು, ಮಾತಾಡದೆ, ಲೋಟವನ್ನು ಮೊಳದಷ್ಟು ದೂರಕ್ಕೆ ಚಾಚಿ. ಮನಸ್ಸಿನಲ್ಲೇ ಹತ್ತು ಎಣಿಸಿದರು. ಮೇಷ್ಟ್ರು ನಕ್ಷೆಯಲ್ಲೇ ಇದ್ದರು. ಬಲಕ್ಕೆ ಬಂದು ನಿಂತರು. “ಓ, ಥ್ಯಾಂಕ್ಸ್ ಅಣ್ಣಾ” ಎಂದು ಕೈ ತಕ್ಷಣ ಬಂತು.

ಸಾವಿರ ಜನರನ್ನು ಹಿಡಿದಿದ್ದರು ಅವರು. ಹಿಡಿದಾಗಲೆಲ್ಲ ಒಳಗೆ ಒಂದು ಸಣ್ಣ ಖುಷಿ ಇರುತ್ತಿತ್ತು. ಈ ಸಲ ಅದು ಬರಲಿಲ್ಲ.

“ಮೇಷ್ಟ್ರೇ, ಎಡಗಣ್ಣು ಯಾವಾಗಿಂದ ಕಾಣಿಸ್ತಿಲ್ಲ?”

ಮೇಷ್ಟ್ರು ಲೋಟ ಕೆಳಗಿಟ್ಟರು. ಪಾತ್ರೆ ಒರೆಸುತ್ತಿದ್ದ ಅಕ್ಕ ತಂಗಿಯ ಕೈ ನಿಂತಿತು.

“ಒಂದೂವರೆ ವರ್ಷ ಆಯ್ತು. ಒಳಗೆ ಒತ್ತಡ ಜಾಸ್ತಿಯಾಗಿ ನರ ಹಾಳಾಗಿದೆಯಂತೆ. ಬಲಗಣ್ಣು ಚೆನ್ನಾಗಿದೆ.”

“ಡಾಕ್ಟ್ರು ಓಡಿಸಬೋದು ಅಂದಿದ್ರಾ?”

ಉತ್ತರ ಬಂದದ್ದು ನಾದಿನಿಯಿಂದ. “ಓಡಿಸಲೇಬೇಡಿ ಅಂದಿದ್ರು ಭಾವ. ಇವರು ಓಡಿಸಲ್ಲ ಅಂತ ನನ್ನ ತಲೆ ಮುಟ್ಟಿ ಹೇಳಿದ್ಮೇಲೇ ನಾನು ಹೊರಟಿದ್ದು. ಬೀಗದ ಕೈ ಸಿಕ್ಕಿದ್ದೇ, ಇವತ್ತೊಂದಿನ ಅಂದ್ರು. ಮಾರನೇ ದಿನವೂ ಇವತ್ತೊಂದಿನ.”

“ಇವರು ಓಡಿಸದೆ ಇನ್ಯಾರು ಓಡಿಸಬೇಕಿತ್ತು? ನಾನಾ?” ಎಂದರು ಸಾಹೇಬರು.

“ನಾನು” ಎಂದಳು ಹೆಂಡತಿ.

ಸಾಹೇಬರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವಳು ಚೀಲದಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು. ಅವಳದೇ ಫೋಟೊ. ಜೊತೆಗೆ ಹೊರದೇಶದಲ್ಲಿ ಓಡಿಸುವ ಪರವಾನಗಿಯ ಪುಸ್ತಕ. ಬಾಡಿಗೆ ಕಚೇರಿಯಲ್ಲಿ ಹಾಕಿದ ಸಹಿ ಎರಡನೇ ಚಾಲಕಿಯದು. ಅಭ್ಯಾಸಬಲದಿಂದ ಸಾಹೇಬರು ತಾರೀಖು ಓದಿದರು, ಹಿಂದೆ ತಿರುಗಿಸಿ ಮುದ್ರೆ ನೋಡಿದರು.

“ವಾರಕ್ಕೆ ಮೂರು ದಿನ ಹೊಲಿಗೆ ಕ್ಲಾಸಿಗೆ ಅಂತ ಹೋಗ್ತಿದ್ದೆಯಲ್ಲ?”

“ಹೊಲಿಗೆ ಕಲಿತಿದ್ರೆ ವರ್ಷದಲ್ಲಿ ಒಂದು ದಿಂಬಿನ ಕವರ್ ಆದ್ರೂ ಹೊಲೀತಿರಲಿಲ್ವಾ? ಅದನ್ನ ನೀವು ಕೇಳಲೇ ಇಲ್ಲ.”

“ನಿನ್ನನ್ನ ಯಾಕೆ ಕೇಳ್ಬೇಕು?” ಎಂದು ಲೈಸೆನ್ಸನ್ನು ಮೇಜಿನ ಮೇಲೆ ಮರಳಿ ಇಟ್ಟರು. “ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಹಿಂದಿನ ಸೀಟಲ್ಲಿ ಕೂತು ನನ್ನ ಪ್ರತಿ ಗೇರನ್ನೂ ತನಿಖೆ ಮಾಡ್ತಿದ್ರಿ. ಮೇಷ್ಟ್ರ ಶಾಲೇಲಿ ಕಲಿತು ಮುಗಿಸಿ ಹೇಳೋಣ ಅಂತಿದ್ದೆ. ಮುಗಿಸಿದ ಮೇಲೆ ಹೇಳೋಕೆ ಭಯ ಆಯ್ತು. ಇಲ್ಲಿಗೆ ಬಂದ್ಮೇಲೆ ಹೇಳಿದ್ರೆ ಇವರ ಕಣ್ಣಿನ ವಿಷಯವೂ ಹೊರಗೆ ಬರ್ತಿತ್ತು. ಯಾರಿಗೂ ಹೇಳಬೇಡಿ ಅಂತ ಇವರು ಕಾಲು ಹಿಡಿಯೋದೊಂದು ಬಾಕಿ ಇತ್ತು.”

ಮೇಷ್ಟ್ರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಬೆರಳಲ್ಲಿ ಅವಳ ಕಡೆಗೆ ತಳ್ಳಿದರು. “ಶಾಲೆಯ ಬೋರ್ಡಿನ ಮೇಲೆ ನನ್ನ ಹೆಸರಿದೆ ಅಣ್ಣಾ. ಕಣ್ಣಿಲ್ಲದ ಮೇಷ್ಟ್ರು ಅಂದ್ರೆ ಯಾರು ಬರ್ತಾರೆ?” ಎಂದು ಎದ್ದು ಹೋದರು.

ಮರುದಿನ ಬೆಟ್ಟದ ದಾರಿ. ಹೆಂಡತಿ ಕನ್ನಡಿ ಸರಿಮಾಡಿಕೊಂಡು, ಸೀಟು ಮುಂದಕ್ಕೆ ಎಳೆದು ಹೊರಟಳು. ಪಕ್ಕದಲ್ಲಿ ಮೇಷ್ಟ್ರು, ಕೈ ತೊಡೆಯ ಮೇಲೆ. ಒಂದು ಇಕ್ಕಟ್ಟಾದ ಸೇತುವೆಯ ನಡುವೆ ಎದುರಿನಿಂದ ಮರದ ದಿಮ್ಮಿ ಹೊತ್ತ ಲಾರಿ ಬಂತು. ಹಿಂದೆ ಸರಿಯದೆ ಬೇರೆ ದಾರಿ ಇರಲಿಲ್ಲ. “ನಿಧಾನ, ಕನ್ನಡಿ ನೋಡು, ಇನ್ನೊಂಚೂರು” ಎಂದು ಮೇಷ್ಟ್ರು ಹೇಳುತ್ತಿದ್ದರು. ಅವಳು ಕನ್ನಡಿಯಿಂದ ಕಣ್ಣು ಕೀಳದೆ ಇಡೀ ವ್ಯಾನನ್ನು ಸೇತುವೆಯಿಂದ ಹಿಂದಕ್ಕೆ ತಂದಳು. ಲಾರಿಯವನು ಹೋಗುವಾಗ ಕೈ ಎತ್ತಿದ. ಸಾಹೇಬರು ಆಗಷ್ಟೇ ಸೀಟಿನ ಅಂಚನ್ನು ಬಿಟ್ಟರು. ಹೆಮ್ಮೆಯೂ ಸಿಟ್ಟೂ ಒಟ್ಟಿಗೆ ಬಂದು, ಯಾವುದು ಮೊದಲು ಎಂದು ಅವರಿಗೇ ತಿಳಿಯಲಿಲ್ಲ.

ಸಿಟ್ಟು ಬೇಗ ಇಳಿಯಲಿಲ್ಲ. ಉಳಿದ ದಿನಗಳಲ್ಲಿ ಹೆಂಡತಿಯೊಡನೆ ಅಗತ್ಯವಿದ್ದಷ್ಟೇ ಮಾತು. ಊರಿಗೆ ಮರಳಿದ ಮೇಲೂ ಮೂರು ವಾರ ಹಾಗೆಯೇ. ಆಮೇಲೆ ಮೇಷ್ಟ್ರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಬಂತು. ಸಾಹೇಬರೇ ಹೋದರು. ಎಡಗಣ್ಣು ಮರಳಿ ಬರದು, ಬಲಗಣ್ಣನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು. ಮೇಷ್ಟ್ರು ತರಗತಿಯ ಪಾಠ ಮಾತ್ರ ಉಳಿಸಿಕೊಂಡು, ಕಾರಿನೊಳಗಿನ ಪಾಠವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಹೆಂಗಸರ ತಂಡಕ್ಕೆ ಕಲಿಸುವವಳು ಸಾಹೇಬರ ಹೆಂಡತಿ.

ಒಂದು ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿರುವಾಗ ಸಾಹೇಬರು ಪತ್ರಿಕೆ ಮಡಚದೆಯೇ ಕೇಳಿದರು, “ನನಗೆ ಗೊತ್ತಿಲ್ಲದ್ದು ಇನ್ನೇನಾದ್ರೂ ಇದ್ಯಾ?”

ಅವಳು ಸ್ವಲ್ಪ ಯೋಚಿಸಿದಳು. ಆ ಯೋಚನೆ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ.

“ಸಂಜೆ ಬಂದು ಹೇಳ್ತೀನಿ” ಎಂದು ಬಾಗಿಲು ಎಳೆದುಕೊಂಡು ಹೋದಳು.