ಕಾಕು ಹೇಳುತ್ತಿದ್ದ ಪಥ್ಯ

ಗಂಡು ಮಗು ಬೇಕೆಂದು ಯಾರೇ ಬರಲಿ, ಗಂಗವ್ವ ಕಾಕು ಸೊಸೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಅವಳಿಗೇ ಪಥ್ಯ ಹೇಳುತ್ತಿದ್ದರು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿದ್ದ, ಎಲ್ಲರೂ ಕಾಕು ಅಂದರೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದ ಈ ವಿಜಯಪುರದ ಹೆಂಗಸಿಗೆ ಸಾಲಾಗಿ ಮೂವರು ಗಂಡುಮಕ್ಕಳು, ಕೊನೆಗೊಬ್ಬಳು ಮಗಳು. ಅಷ್ಟೇ ಸಾಕಾಗಿತ್ತು, ಕಲ್ಯಾಣದಾಚೆಯ ಶಹಾಡಿನಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ನನ್ನ ಮೊದಲನೆಯದು ಹೆಣ್ಣಾದಾಗ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಠಾಣೆಯ ಆಫೀಸಿಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ಬರುತ್ತಿದ್ದ ನನಗೆ ವಾದ ಮಾಡುವ ತ್ರಾಣವಿರಲಿಲ್ಲ. ಮುಟ್ಟಾದ ದಿನದಿಂದ ಎಣಿಸಿ ಸಮಸಂಖ್ಯೆಯ ರಾತ್ರಿ ಗಂಡಹೆಂಡತಿ ಕೂಡಬೇಕು, ದಿನಾ ಬಾಳೆಹಣ್ಣು ತಿನ್ನಬೇಕು, ಊಟಕ್ಕೆ ಉಪ್ಪು ತುಸು ಮುಂದಿರಬೇಕು. ಇವೆಲ್ಲ ಎಲ್ಲರೂ ಹೇಳುವಂಥವೇ. ಕಾಕು ತಮ್ಮದೊಂದಿಷ್ಟು ಸೇರಿಸಿದರು: ಸೊಸೆ ಏಳು ಗಂಟೆಯವರೆಗೆ ಮಲಗಬೇಕು, ನೀರು ತುಂಬಬಾರದು, ಬೆಳಗಿನ ಚಹಾ ಅತ್ತೆಯೇ ಮಾಡಿ ಕೊಡಬೇಕು. ಒಂದು ದಿನ ತಪ್ಪಿದರೂ ತಾನು ಜವಾಬ್ದಾರಳಲ್ಲ ಎಂದರು.

ಮದುವೆಯಾದ ಮೇಲೆ ನಾನು ಕಣ್ತುಂಬ ನಿದ್ದೆ ಮಾಡಿದ್ದು ಆ ಕೆಲವು ತಿಂಗಳು ಮಾತ್ರ. ಎರಡನೆಯದೂ ಹೆಣ್ಣೇ ಆಯಿತು. ಜಗಳಕ್ಕೆ ಹೋದ ಅತ್ತೆಯನ್ನು, ದಿನಾ ಚಹಾ ಯಾರು ಮಾಡಿದರು ಎಂದು ಕಾಕು ಕೇಳಿದರಂತೆ. ಮೊಣಕಾಲು ನೋವೆಂದು ನಡುವೆ ಕೈಬಿಟ್ಟಿದ್ದ ಅತ್ತೆ ಹಾಗೇ ವಾಪಸು ಬಂದರು. ಮಗುವನ್ನು ನೋಡಲು ಕಾಕು ಬಂದಾಗ, ಆ ಪಥ್ಯ ನಿಜವೇ ಎಂದು ಕೇಳಿಯೇಬಿಟ್ಟೆ.

“ಗಂಡು ಹೆಣ್ಣು ನನ್ನ ಕೈಯಾಗ ಐತೇನ ಯವ್ವಾ?” ಎಂದರು. “ನಿನ್ನ ಮಾರಿ ನೋಡಿದೆ. ನಿದ್ದಿ ಬೇಕಾಗಿತ್ತು, ಕೊಡಿಸಿದೆ.”

ಆ ಜಾಣತನವೇ ಅವರಿಗೆ ಮುಳುವಾಯಿತು. ಕಲ್ಯಾಣಕ್ಕೆ ಕೊಟ್ಟಿದ್ದ ಮಗಳು ಸುಜಾತಾ ಎರಡು ಹೆಣ್ಣು ಹೆತ್ತು, ಅತ್ತೆಮನೆಯ ಮಾತು ಕೇಳಿ ಕೇಳಿ ಸಾಕಾಗಿ, ಒಂದು ದಿನ ತಾನೂ ಪಥ್ಯ ಕೇಳಲು ಬಂದಳು. ನಾನು ಅಲ್ಲೇ ಇದ್ದೆ. ಅವಳ ಮೈಯಲ್ಲಿ ರಕ್ತವಿರಲಿಲ್ಲ. ಇನ್ನೊಂದು ಬಸಿರು ಬೇಡವೆಂದು ಡಾಕ್ಟರು ಹೇಳಿದ್ದರು. ಕಾಕು ಅವಳ ತಲೆಯ ಮೇಲೆ ಕೈಯಿಟ್ಟು, ಪಥ್ಯವೆಲ್ಲ ಸುಳ್ಳು, ಎರಡಕ್ಕೇ ಸಾಕು ಮಾಡು ಎಂದರು. ನಾನೂ ಹೌದೆಂದೆ.

“ಅವ್ರಿಗೆ ಹೆಣ್ಣಾತು, ಅದಕ್ಕ ಹಂಗಂತಾರ,” ಎಂದಳು ಸುಜಾತಾ, ನನ್ನ ಕಡೆ ಕೈ ತೋರಿಸಿ. “ಮಂದಿಗೆಲ್ಲ ಹೇಳ್ತಿ. ನನಗಷ್ಟ ಯಾಕ ಮುಚ್ಚಿಡ್ತಿ ಅವ್ವಾ?”

ಕೂತಲ್ಲಿಂದ ಎದ್ದು ಹೊರಟೇಹೋದಳು. ಮೂರನೆಯದೂ ಹೆಣ್ಣಾಯಿತು. ಆ ಹೆರಿಗೆಯಲ್ಲಿ ಅವಳು ಉಳಿದದ್ದೇ ಹೆಚ್ಚು. ಅವ್ವ ಮುಚ್ಚಿಟ್ಟದ್ದಕ್ಕೇ ಹೀಗಾಯಿತೆಂದು ನಂಬಿ, ಬಾಣಂತನಕ್ಕೂ ತವರಿಗೆ ಬರಲಿಲ್ಲ. ಅಂದಿನಿಂದ ಕಾಕು ಬಂದವರನ್ನೆಲ್ಲ ಬಾಗಿಲಿನಿಂದಲೇ ಕಳಿಸತೊಡಗಿದರು. ಅದಕ್ಕೂ ಜನ, ಮುದುಕಿಗೆ ಸೊಕ್ಕು ಬಂದಿದೆ ಎಂದರು. ಅವರಿಗೆಲ್ಲ ತಿಳಿಹೇಳಿ ನನಗೂ ಸುಸ್ತಾಯಿತು.

ಕಾಕು ತೀರಿಕೊಂಡು ಎರಡು ವರ್ಷವಾಯಿತು. ನನ್ನೊಂದಿಗೆ ಕೊನೆಯ ಸಲ ಮನಬಿಚ್ಚಿ ಮಾತಾಡಿದ್ದು ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ. ಮೊಮ್ಮಗಳಿಗೆಂದು ಹೊಲಿದು ಒಯ್ದಿದ್ದ ಕುಲಾಯಿ ಚೀಲದಲ್ಲೇ ಇತ್ತು. ಸುಜಾತಾ ಬಾಗಿಲು ತೆಗೆದಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಡೊಂಬಿವಲಿಯ ಗಾಡಿ ಬಂದು ಹೋಯಿತು, ಇಬ್ಬರೂ ಏಳಲಿಲ್ಲ.

“ಮಂದಿಗೆಲ್ಲ ಸುಳ್ಳ ಹೇಳಿದೆ, ಮಗಳಿಗೆ ಖರೇ ಹೇಳಿದೆ,” ಎಂದರು ಕಾಕು. “ಆಕಿಗೂ ಸುಳ್ಳ ಹೇಳಿದ್ರ, ಬಾಣಂತನ ಆದ್ರೂ ನನ್ನ ಕೈಯಾಗ ಆಗ್ತಿತ್ತು.”