ಕೋಕೋ ಹಾಕಿದ ಓಟ್ಸ್

ಐವತ್ತರ ದಶಕದಲ್ಲಿ ಸರ್ವೆ ಕೆಲಸಕ್ಕೆಂದು ಬಾದಾಮಿಯ ಸರಕಾರಿ ಬಂಗಲೆಯಲ್ಲಿ ಮೂರು ತಿಂಗಳಿದ್ದೆ. ಅಲ್ಲಿ ಅಡುಗೆ ಮಾಡುವ ಚಾಚಾ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಬೆಳಿಗ್ಗೆ ಓಟ್ಸ್‌ಗೆ ಹಾಲು, ಕೋಕೋ ಪುಡಿ ಬೆರೆಸಿ, ಸಕ್ಕರೆ ಹಾಕದೆ, ಪಾತ್ರೆಯ ಮುಚ್ಚಳದ ಮೇಲೂ ಕೆಂಡ ಹರವಿ ಬೇಯಿಸುತ್ತಿದ್ದರು. ಬ್ರಿಟಿಷ್ ಸಾಹೇಬರಿಗಾಗಿ ಕಲಿತ ತಿಂಡಿ ಅದು. ಬಡಿಸಿ, "ಬಿಸಿ ಇದ್ದಾಗ ತಿನ್ರಿ" ಎಂದು ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದರು. ತಿಂಡಿ ಬಾಯಿಗಿಡಲಾಗದಷ್ಟು ಕಹಿ. ಹೇಳಲು ಸಂಕೋಚವಾಗಿ ನಾನು ಸುಮ್ಮನೆ ನುಂಗುತ್ತಿದ್ದೆ.

ಹೊರಡುವ ದಿನ, "ಚಾಚಾ, ಇವತ್ತ ನೀವೂ ಕೂಡ್ರಿ" ಎಂದು ಒತ್ತಾಯಿಸಿದೆ. ಕುರ್ಚಿಯ ಅಂಚಿಗೆ ಕೂತು, ತಾವು ಮಾಡಿದ್ದನ್ನು ಮೊದಲ ಸಲ ಒಂದು ಚಮಚ ತಿಂದರು.

"ಇಷ್ಟು ಕಹಿ ಇರ್ತದೇನ್ರಿ ಇದು? ಇಪ್ಪತ್ತು ವರ್ಷ ಮಾಡೇನಿ. ಒಬ್ಬರೂ ನನಗ ಹೇಳಲೇ ಇಲ್ಲಲ್ರಿ."