ಅಲಗು ಯಾರ ಮನೆಯದು?

ಹೋದ ಸೋಮವಾರ ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಒಬ್ಬ ಪೊಲೀಸ್ ಜಮಾದಾರ ನನ್ನ ಮುಂದೆ ಹತ್ತು ಹನ್ನೆರಡು ಈಳಿಗೆ ಅಲಗುಗಳನ್ನು ಸಾಲಾಗಿ ಇಡಿಸಿ, "ಇದರಲ್ಲಿ ನಿಮ್ಮ ಮನೆಯದು ಯಾವುದು?" ಎಂದು ಕೇಳಿದ.

ನನಗೆ ಗೊತ್ತಾಗಲಿಲ್ಲ.

ನಗಬೇಡಿ. ದಿನಾ ಎರಡು ಹೊತ್ತು ಬದನೆಕಾಯಿ ಪಲ್ಯ ತಿನ್ನುವ ನೀವು, ಅದನ್ನು ಹೆಚ್ಚಿದ ಅಲಗು ಉದ್ದವೋ ಗಿಡ್ಡವೋ ಎಂದು ಯಾವತ್ತಾದರೂ ನೋಡಿದ್ದೀರಾ? ನಾನೂ ನೋಡಿರಲಿಲ್ಲ. ಆದರೆ ಅವತ್ತು ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೋ ಜೇಲಿಗೆ ಹೋಗುತ್ತಾನೋ ಎಂಬುದು ನನ್ನ ಉತ್ತರದ ಮೇಲೆ ನಿಂತಿತ್ತು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಓಣಿಗೆ ಸಾಣೆ ಹಿಡಿಯುವವನು ಬಂದು ವರ್ಷದ ಮೇಲಾಗಿತ್ತು. ನಿಜಾಮಶಾಹಿ ಹೋಗುವ ಮುಂಚೆ ಒಂದು ಗದ್ದಲ, ಹೋದ ಮೇಲೆ ಇನ್ನೊಂದು ಗದ್ದಲ. ಅಂಥ ದಿನಗಳಲ್ಲಿ "ಚಾಕು, ಕತ್ರಿ, ಈಳಗೀ..." ಎಂದು ಕೂಗುತ್ತ ಓಣಿ ಓಣಿ ತಿರುಗುವ ಧೈರ್ಯ ಯಾರಿಗಿದೆ? ಅಷ್ಟು ದಿನ ನನ್ನ ಹೆಂಡತಿ ನೀಲಮ್ಮ ಹೊಸ್ತಿಲಿನ ಶಹಾಬಾದ ಕಲ್ಲಿಗೇ ಅಲಗು ಉಜ್ಜಿ ಕೆಲಸ ಸಾಗಿಸಿದಳು. ಕಲ್ಲು ಸವೆಯಿತು, ಅಲಗು ಮೊಂಡಾಗಿಯೇ ಉಳಿಯಿತು. ಶಹಾಬಾದ ಕಲ್ಲು ನೆಲಕ್ಕೆ ಸೈ, ಸಾಣೆಗಲ್ಲ.

"ನಾ ಬದ್ನಿಕಾಯಿ ಹೆಚ್ಚಾಕತ್ತಿಲ್ರಿ, ಜಜ್ಜಾಕತ್ತೀನಿ" ಎನ್ನುತ್ತಿದ್ದಳು.

ಶನಿವಾರ ಇಮಾಮಸಾಬ ಬಂದ. ನಮ್ಮೆಲ್ಲರ ಅಲಗುಗಳಿಗೆ ಎಷ್ಟೋ ವರ್ಷಗಳಿಂದ ಸಾಣೆ ಹಿಡಿದವನು ಅವನೇ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೆಗಲ ಮೇಲೆ ಯಾವಾಗಲೂ ಇರುತ್ತಿದ್ದ ಸಾಣೆಯ ಚಕ್ರ ಇರಲಿಲ್ಲ, ಬರೀ ಒಂದು ಗೋಣಿಚೀಲ. ಕೂಗಲಿಲ್ಲ. ನಮ್ಮ ಬಾಗಿಲ ಮುಂದೆ ಸುಮ್ಮನೆ ನಿಂತ.

"ಚಕ್ರ ಎಲ್ಲಿ ಇಮಾಮಣ್ಣ?" ಎಂದಳು ನೀಲಮ್ಮ.

"ಹೋತ್ರಿ ಅಕ್ಕಾರ. ಮನಿ ಜೋಡಿ ಅದೂ ಸುಟ್ಟು ಹೋತು. ಈಗ ಶಹಾಬಾದದಾಗ ನಮ್ಮ ಅಳಿಯನ ಮನ್ಯಾಗ ಇದ್ದೀನಿ. ಅಲ್ಲೊಂದು ಚಕ್ರ ಅದ. ಮಣಿ ಇಲ್ಲೇ ಇರ್ಲಿ, ಅಲಗು ಅಷ್ಟೇ ಬಿಚ್ಚಿ ಕೊಡ್ರಿ. ಬೆಂಕಿಗಿ ಹಿಡದು, ತಟ್ಟಿ, ಹೊಸಾದು ಮಾಡಿ ನಾಳಿ ಸಂಜಿಕಿ ತರ್ತೀನಿ."

ನೀಲಮ್ಮ ಈಳಿಗೆಯ ಮಣೆಯಿಂದ ಅಲಗು ಕಿತ್ತು ಕೊಟ್ಟಳು. ಒಬ್ಬಳು ಕೊಟ್ಟದ್ದನ್ನು ನೋಡಿ ಇನ್ನೊಬ್ಬಳು ಕೊಟ್ಟಳು. ಕೊಡದೆ ಇದ್ದವಳು ಎದುರು ಮನೆಯ ಬಸಮ್ಮಾಯಿ. ಸೇಡಂ ಕಡೆಯ ಹಳ್ಳಿಯಿಂದ ಊರು ಬಿಟ್ಟು ಬಂದ ಮುದುಕಿ. ಮೊದಲ ಗದ್ದಲದಲ್ಲಿ ಗಂಡ ಹೋದ. (ಎರಡನೆಯ ಗದ್ದಲದಲ್ಲಿ ಇಮಾಮಸಾಬನ ಮನೆ ಹೋಯಿತು. ಯಾರ ದುಃಖ ದೊಡ್ಡದು ಎಂದು ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ.)

"ಓಣ್ಯಾನ ಹರಿತ ಎಲ್ಲಾ ತಗದು ಅವನ ಕೈಯಾಗ ಕೊಡಾಕತ್ತೀರಿ, ನಿಮಗ ಬುದ್ಧಿ ಅದ ಏನು?" ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಇಮಾಮಸಾಬ ತಲೆ ಎತ್ತಲಿಲ್ಲ. ಚೀಲ ಕಟ್ಟಿಕೊಂಡು ಹೋದ.

ಭಾನುವಾರ ಸಂಜೆಯಾಯಿತು. ಬರಲಿಲ್ಲ.

ನೋಡಿ, ಒಂದು ಓಣಿ ಹೇಗೆ ಹೆದರುತ್ತದೆ ಎಂದು. ಮೊದಲು "ಟ್ರೇನ್ ತಪ್ಪಿರಬೇಕು" ಅಂದರು. ಆಮೇಲೆ "ಮಾರಿಕೊಂಡಿರಬೇಕು" ಅಂದರು. ದೀಪ ಹಚ್ಚುವ ಹೊತ್ತಿಗೆ ಅದು "ಯಾರ ಕೈಗೆ ಕೊಟ್ಟಿದ್ದಾನೋ" ಎಂದಾಯಿತು. ಆ ಮಾತು ಬಂದದ್ದೇ ತಡ, ಬಾಗಿಲುಗಳೆಲ್ಲ ಮುಚ್ಚಿಕೊಂಡವು. ನಮ್ಮ ಮನೆಯದೂ. ಅಗುಳಿ ಹಾಕಿದ್ದು ನಾನೇ.

ಸೋಮವಾರ ಹೊತ್ತೇರಿದ ಮೇಲೆ ಸ್ಟೇಷನ್ನಿನ ಹಮಾಲನೊಬ್ಬ ಸುದ್ದಿ ತಂದ. ಇಮಾಮಸಾಬ ಬೆಳಗಿನ ಪ್ಯಾಸೆಂಜರ್‌ನಿಂದ ಇಳಿದಿದ್ದಾನೆ. (ಒಂದು ದಿನ ತಡವಾಗಿದ್ದು, ಅಲಗುಗಳು ಅಷ್ಟು ಮೊಂಡಾಗಿದ್ದಕ್ಕೆ.) ಚೆಕಿಂಗ್ ಆಗಿದೆ. ಚೀಲದಲ್ಲಿ ಫಳಫಳ ಹೊಳೆಯುವ, ಬಾಗಿದ, ಹಿಡಿಯಿಲ್ಲದ ಅಲಗುಗಳು. ತಾನು ಸಾಣೆಯವನು ಎನ್ನುತ್ತಾನೆ, ಆದರೆ ಜೊತೆಗೆ ಚಕ್ರವಿಲ್ಲ. ಜಮಾದಾರ ದೂರದ ಪ್ರಾಂತ್ಯದವನು, ಈಳಿಗೆ ಎಂಬ ವಸ್ತುವನ್ನೇ ನೋಡಿದವನಲ್ಲ. ಇಮಾಮಸಾಬನನ್ನು ಹಿಡಿದು ಕೂರಿಸಿದ್ದಾರೆ, ಮಧ್ಯಾಹ್ನದ ಗಾಡಿಗೆ ಗುಲಬರ್ಗಾದ ಜೇಲಿಗೆ ಒಯ್ಯುತ್ತಾರಂತೆ.

ನಮ್ಮ ಕಟ್ಟೆಯ ಮೇಲೆ ಗಂಡಸರ ಮೀಟಿಂಗ್ ಆಯಿತು. "ನಮ್ಮವು ಅಂತ ಹೋಗಿ ಹೇಳಿದರೆ ನಮ್ಮ ಹೆಸರೂ ಬರೆದುಕೊಂಡಾರು." "ಈ ಕಾಲದಲ್ಲಿ ಪೊಲೀಸರ ಉಸಾಬರಿ ಯಾಕೆ?" ನಾನು ಶಾಲಾ ಮಾಸ್ತರ, ಉರ್ದು ಬರುತ್ತದೆ. ಕೋಟು ಹಾಕಿಕೊಂಡು, "ನಾನೊಬ್ಬನೇ ಹೋಗಿ ಮಾತಾಡಿ ಬರುತ್ತೇನೆ" ಅಂದೆ.

ನೀಲಮ್ಮ ನನ್ನನ್ನು ಮೇಲೆ ಕೆಳಗೆ ನೋಡಿದಳು. "ನಿಮಗ ನಮ್ಮ ಈಳಗಿ ಗುರ್ತ ಅದ ಏನ್ರಿ?"

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಅವಳ ಹಿಂದೆ ಐದಾರು ಹೆಂಗಸರು. ಅವರ ಹಿಂದೆ ನಾನು, ಕೋಟಿನ ಸಮೇತ.

ಪ್ಲಾಟ್‌ಫಾರಂ ಮೇಲೆ ಇಮಾಮಸಾಬ ಕಂಬಕ್ಕೆ ಒರಗಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಕೈ ಕಟ್ಟಿದ್ದರು. ನಮ್ಮನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡ. ಸಂತೋಷವಲ್ಲ, ನಾಚಿಕೆ.

ಜಮಾದಾರ ಕೆಟ್ಟವನಾಗಿ ಕಾಣಲಿಲ್ಲ. ನಿದ್ದೆಗೆಟ್ಟವನಾಗಿ ಕಂಡ. ಅಲಗುಗಳನ್ನು ಗೋಣಿಯ ಮೇಲೆ ಹರಡಿಸಿ ಮೊದಲು ನನ್ನನ್ನೇ ಕೇಳಿದ. ನಾನು ತಡವರಿಸಿ ಒಂದನ್ನು ತೋರಿಸಿದೆ. ನೀಲಮ್ಮ ಅದೇ ಹೊತ್ತಿಗೆ, "ಅದಲ್ರಿ!" ಅಂದಳು.

ಜಮಾದಾರನ ಹುಬ್ಬು ಗಂಟಾಯಿತು. "ಗಂಡ ಒಂದು ಹೇಳುತ್ತಾನೆ, ಹೆಂಡತಿ ಇನ್ನೊಂದು. ಸರಿ, ನೀನು ತೋರಿಸು ತಾಯಿ."

ನೀಲಮ್ಮ ಬಗ್ಗಿ ನೋಡಿದಳು. ಒಂದೊಂದನ್ನೇ ಎತ್ತಿ ಇಟ್ಟಳು. ಅವಳ ಮುಖದ ಬಣ್ಣ ಇಳಿಯಿತು. ನಮ್ಮ ಅಲಗಿನ ತುದಿಯಲ್ಲಿ ಒಂದು ಮುಕ್ಕು ಇತ್ತಂತೆ, ಅದೇ ಗುರುತು. ಇಮಾಮಸಾಬ ಅದನ್ನು ತಟ್ಟಿ, ತಿಕ್ಕಿ, ಇಲ್ಲದಂತೆ ಮಾಡಿದ್ದ! ಅವಳದಷ್ಟೇ ಅಲ್ಲ. ಒಬ್ಬಳ ತುಕ್ಕು ಹೋಗಿತ್ತು, ಇನ್ನೊಬ್ಬಳ ಡೊಂಕು ಹೋಗಿತ್ತು. ಎಲ್ಲವೂ ಈಗ ಒಂದೇ ತಾಯಿಯ ಮಕ್ಕಳು. ಕೆಲಸ ಚೆನ್ನಾಗಿ ಮಾಡಿದ್ದೇ ಆ ಮುದುಕನಿಗೆ ಮುಳುವಾಗಿತ್ತು.

"ತಮ್ಮ ಸಾಮಾನು ತಮಗೇ ಗೊತ್ತಿಲ್ಲ" ಎಂದ ಜಮಾದಾರ. ಅಷ್ಟರಲ್ಲಿ ಗಾಡಿ ಹಿಂದಿನ ಸ್ಟೇಷನ್ ಬಿಟ್ಟ ಗಂಟೆ ಹೊಡೆಯಿತು. ಇಬ್ಬರು ಪೇದೆಗಳು ಇಮಾಮಸಾಬನನ್ನು ಎಬ್ಬಿಸಿ ನಿಲ್ಲಿಸಿದರು.

"ಮಣಿ!" ಎಂದು ಚೀರಿದಳು ನೀಲಮ್ಮ. "ರೀ, ಸಾಹೇಬ್ರಿಗಿ ಹೇಳ್ರಿ. ಅಲಗು ಬದಲಾಗಿದ್ರ ಏನಾತು, ಬುಡ ಬದಲಾಗಿಲ್ಲ. ಒಂದು ಮನಿ ಅಲಗು ಇನ್ನೊಂದು ಮನಿ ಮಣ್ಯಾಗ ಕೂಡಂಗಿಲ್ಲ. ಮಣಿ ತರ್ತೀವಿ!"

ನಾನು ಉರ್ದುವಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹೆಂಗಸರು ಓಡುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವಾಡಿಯ ಬಜಾರಿನ ನಡುವೆ. ಗಂಡಸರು ಎದುರು ಬಂದರೆ ಗೋಡೆಗೆ ಸರಿದು ನಿಲ್ಲುವ ಹೆಂಗಸರು!

ಗಾಡಿ ಬಂತು. ನಿಂತಿತು. ವಾಡಿ ಜಂಕ್ಷನ್ ಆಗಿದ್ದು ಅವತ್ತು ಉಪಯೋಗಕ್ಕೆ ಬಂತು, ಇಂಜಿನ್ ನೀರು ಕುಡಿಯುವ ತನಕ ಟೈಮ್ ಇತ್ತು. ಇಮಾಮಸಾಬನ ತುಟಿ ಅಲುಗುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದನೋ, ನಾನು ಕೇಳಲಿಲ್ಲ.

ಮೊದಲು ನೀಲಮ್ಮ ಬಂದಳು. ಕಂಕುಳಲ್ಲಿ ಮಣೆ. ನೆಲದ ಮೇಲಿಟ್ಟು, ಕಾಲಿನಿಂದ ಒತ್ತಿ ಹಿಡಿದು ಒಂದು ಅಲಗು ಹಾಕಿ ನೋಡಿದಳು. ಹೋಗಲಿಲ್ಲ. ಇನ್ನೊಂದು. ಅಲುಗಾಡಿತು. ಮೂರನೆಯದು ಟಕ್ ಎಂದು ಕುಳಿತಿತು. ಜಮಾದಾರ ತಾನೇ ಬಗ್ಗಿ ಅಲುಗಿಸಿ ನೋಡಿದ. ಅಲುಗಲಿಲ್ಲ. ಆಮೇಲೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು. ಮನೆಯಲ್ಲೇ ಉಳಿದಿದ್ದವರೂ ಬಂದರು. ಪ್ರಯಾಣಿಕರು ಕಿಟಕಿಗಳಿಂದ ಕತ್ತು ಹೊರಗೆ ಚಾಚಿದ್ದರು. ಟಕ್, ಟಕ್.

ಒಂದು ಅಲಗು ಉಳಿಯಿತು.

"ಇದು?" ಎಂದ ಜಮಾದಾರ.

ಬಂದವರೆಲ್ಲರ ಮಣೆಯೂ ತುಂಬಿತ್ತು. ಇಮಾಮಸಾಬನನ್ನು ಕೇಳಿದರೆ, "ನೆನಪಿಲ್ರಿ" ಅಂದ. ಅವನಿಗೆ ಚೆನ್ನಾಗಿ ನೆನಪಿತ್ತು ಎಂದು ಅವನ ಕಣ್ಣೇ ಹೇಳಿತು. ಗಾರ್ಡ್ ಸೀಟಿ ಊದಿದ. ಪೇದೆ ಇಮಾಮಸಾಬನ ತೋಳು ಹಿಡಿದ.

ಆಗ ಗೇಟಿನ ಕಡೆಯಿಂದ ಬಸಮ್ಮಾಯಿ ಬಂದಳು. ಏದುಸಿರು. ತಲೆಯ ಮೇಲೆ ಮಣೆ ಹೊತ್ತಿದ್ದಳು. ಹಿಂದೆ ಅವಳ ಸೊಸೆ ಕಾಶೀಬಾಯಿ, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಶನಿವಾರ ಅತ್ತೆ ಒಳಗೆ ಹೋದ ಮೇಲೆ ಹಿತ್ತಲ ಬಾಗಿಲಿನಿಂದ ಅಲಗು ಕೊಟ್ಟವಳು ಅವಳೇ. ಮಣೆ ತರಲು ಸ್ಟೇಷನ್ನಿನಿಂದ ಮನೆಗೆ ಓಡಿದವಳು ಅತ್ತೆಯ ಕೈಗೆ ಸಿಕ್ಕಿ ಎಲ್ಲ ಹೇಳಿದ್ದಳು.

ಮುದುಕಿ ಯಾರನ್ನೂ ನೋಡಲಿಲ್ಲ. ಕುಳಿತಳು. ಅಲಗು ಎತ್ತಿ ಮಣೆಗೆ ಹಾಕಿ, ಅಂಗೈಯಿಂದ ಒಂದು ಪೆಟ್ಟು ಕೊಟ್ಟಳು. ಕುಳಿತಿತು.

"ನಂದು" ಅಂದಳು ಜಮಾದಾರನಿಗೆ. "ನಾನೇ ಕೊಟ್ಟೀನಿ. ಬಿಡ್ರಿ ಅವಗ."

ಆಮೇಲೆ ಹೆಬ್ಬೆರಳಿನಿಂದ ಅಲಗಿನ ಬಾಯಿ ಸವರಿ ನೋಡಿದಳು. ಇಮಾಮಸಾಬನ ಕಡೆ ತಿರುಗಿ, "ಛಲೋ ಹಿಡದಿ" ಅಂದಳು. ಅಷ್ಟೇ. ಮಣೆ ಎತ್ತಿಕೊಂಡು ಹೊರಟಳು.

ಗಾಡಿ ಅವನಿಲ್ಲದೆ ಹೋಯಿತು. ಜಮಾದಾರ ತಾನೇ ಹಗ್ಗ ಬಿಚ್ಚಿದ. ಸ್ಟೇಷನ್ನಿನ ಚಹಾದಂಗಡಿಯಲ್ಲಿ ನಾನು ಇಮಾಮಸಾಬನಿಗೆ ಚಹಾ ಕೊಡಿಸಿದೆ. ಹಗ್ಗದ ಗುರುತು ಇನ್ನೂ ಇದ್ದ ಕೈಯಲ್ಲಿ ಬಸಿ ಹಿಡಿದು ಕುಡಿದ. "ಮನೆಮನೆಯ ಕತ್ತರಿ, ಅಡಕೊತ್ತು ಇನ್ನೂ ಹಾಗೇ ಇವೆ, ಯಾವಾಗ ಬರುತ್ತೀ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಬಸಿ ಕೆಳಗಿಟ್ಟ. "ಬರೂ ಸೋಮವಾರ ಬರ್ತೀನ್ರಿ ಮಾಸ್ತರ್ರ. ಖರೆ, ಟೇಶನ್‌ದಿಂದ ಓಣಿತನ ಒಬ್ಬಾಂವ ಚೀಲ ಹೊತ್ತು ನಡಿಲಿಕ್ಕಿ ಭಾಳ ಅಂಜಿಕಿ ಆಗ್ತದ. ನಿಮ್ಮ ಕಡಿಂದ ಯಾರರೆ ಕರೀಲಿಕ್ಕಿ ಬಂದ್ರ ಇಳೀತೀನಿ. ಇಲ್ಲಂದ್ರ ಗಾಡ್ಯಾಗೇ ಕುಂತು ಮುಂದ ಹೋಗ್ತೀನಿ."

ನೀಲಮ್ಮ ಈಗ ಬದನೆಕಾಯಿ ಹೆಚ್ಚುತ್ತಿದ್ದಾಳೆ, ಜಜ್ಜುತ್ತಿಲ್ಲ. ಪಲ್ಯ ಚೆನ್ನಾಗಿದೆ. ಓಣಿಯ ಗಂಡಸರು ಮತ್ತೆ ಕಟ್ಟೆಯ ಮೇಲೆ ಕುಳಿತು, ಹೆಂಗಸರು ಹೇಗೆ ಓಡಿದರು ಎಂದು ಹೇಳಿ ಹೇಳಿ ನಗುತ್ತಿದ್ದಾರೆ.

ಸೋಮವಾರ ಬೆಳಗಿನ ಪ್ಯಾಸೆಂಜರ್ ಹೊತ್ತಿಗೆ ನಾನು ಸ್ಟೇಷನ್ನಿನಲ್ಲಿ ಇರುತ್ತೇನೆ. ಕಟ್ಟೆಯ ಮೇಲಿನವರೇ, ನಿಮ್ಮಲ್ಲಿ ಇನ್ನು ಯಾರು ಬರುತ್ತೀರಿ?